ಚಲಚ್ಚಿತ್ರವೂ ಪ್ರೇಕ್ಷಕರ ತೀರ್ಪೂ

ಚಲಚ್ಚಿತ್ರಗಳನ್ನು ಕುರಿತ ಅಭಿಪ್ರಾಯಗಳಿಗೆ ಈ ಕಾಲದಲ್ಲಿ ಕೊರತೆಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಯಾವ ವಿದ್ಯಾವಂತರ ಮನೆಗೆ ಹೋದರೂ ಮೂರು ತಲೆಮಾರಿನವರು ಒಂದೇ ಪಡಸಾಲೆಯಲ್ಲಿ ಕುಳಿತು ಮೂರು ಬಗೆಯ ತೀರ್ಪು ಕೊಡುವುದನ್ನು ಕೇಳಬಹುದು. ಒಂದು ಕಾಲಕ್ಕೆ ಚಿತ್ರವು ಊರಿಗೆ ಬಂದಾಗ ಡೇರೆಯಲ್ಲಿ ಕುಳಿತು ನೋಡಬೇಕಾಗಿತ್ತು. ಡೇರೆ ಎದ್ದುಹೋದ ಮೇಲೆ ನೆನಪೊಂದೇ ಗತಿ. 1996ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಡಿ.ವಿ.ಡಿ. ಎಂಬ ತಟ್ಟೆಯು ಕೆಲವೇ ವರ್ಷಗಳಲ್ಲಿ ಈ ಸ್ಥಿತಿಯನ್ನು ಬದಲಾಯಿಸಿತು. 1954ರ ‘ಬೇಡರ ಕಣ್ಣಪ್ಪ’ನೂ ಮೊನ್ನೆ ತೆರೆಕಂಡ ಚಿತ್ರವೂ ಮನೆಯ ಒಂದೇ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಕುಳಿತುವು. ಈಗ ತಟ್ಟೆಯ ಅಂಗಡಿಗಳು ವಿರಳವಾಗಿ, ಅವೇ ಚಿತ್ರಗಳು ಅಂಗೈಯ ಮೊಬೈಲಿಗೂ ಇಳಿದಿವೆ.

ಹಳತನ್ನೂ ಹೊಸತನ್ನೂ ಪಕ್ಕಪಕ್ಕದಲ್ಲಿರಿಸಿ ತೂಗುವ ಇಂಥ ಅನುಕೂಲವು ಹಿಂದಿನ ಯಾವ ಪ್ರೇಕ್ಷಕನಿಗೂ ಇರಲಿಲ್ಲ. ಇಷ್ಟು ದೊರೆತ ಮೇಲೆ ತೀರ್ಪು ಪ್ರೌಢವಾಗಬೇಕಾಗಿತ್ತು. ಆದರೆ ‘ನನಗೆ ಹಿಡಿಸಿತು’, ‘ನನಗೆ ಹಿಡಿಸಲಿಲ್ಲ’ ಎಂಬೆರಡು ಮಾತುಗಳಲ್ಲಿ ವಿಚಾರವೆಲ್ಲ ಮುಗಿದುಹೋಗುತ್ತಿದೆ. ಇದನ್ನು ಖಂಡಿಸದೆ ಬಿಡುವುದು ಉಚಿತವಲ್ಲ.

ಇಲ್ಲಿ ಎರಡು ಪಕ್ಷಗಳುಂಟು. ಹಿರಿಯರದು ಹಳೆಯ ಚಿತ್ರವೇ ಚಿತ್ರವೆಂಬ ಪಕ್ಷ. ಅಂದಿನ ಹಾಡು, ಅಂದಿನ ಮಾತು, ಅಂದಿನ ಮರ್ಯಾದೆ ಇಂದೆಲ್ಲಿ ಎಂದು ಅವರ ನಿಟ್ಟುಸಿರು. ಕಿರಿಯರದು ಕಪ್ಪುಬಿಳುಪಿನ ಚಿತ್ರವನ್ನು ಕಂಡೊಡನೆ ಆಕಳಿಸುವ ಪಕ್ಷ. ಈ ವ್ಯಾಜ್ಯ ಹೊಸದೇನೂ ಅಲ್ಲ. ಭಾಸ, ಸೌಮಿಲ್ಲ, ಕವಿಪುತ್ರರಂಥ ಹಿರಿಯರಿರುವಾಗ ಈಗಿನ ಕವಿಯ ನಾಟಕವೇತಕ್ಕೆ ಎಂಬ ಆಕ್ಷೇಪವನ್ನು ಕಾಳಿದಾಸನು ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಎತ್ತಿಕೊಂಡಿದ್ದಾನೆ. ಸೂತ್ರಧಾರನ ಉತ್ತರದ ತಾತ್ಪರ್ಯವಿಷ್ಟು: ಕೃತಿಯ ವಯಸ್ಸು ಅದರ ಗುಣಕ್ಕೆ ಸಾಕ್ಷಿಯಾಗದು, ಪರೀಕ್ಷಿಸಿ ನೋಡುವುದು ಬಲ್ಲವರ ಕೆಲಸ. ಅಂದು ಹೊಸಬನಾಗಿ ಸಂಕೋಚದಿಂದ ನಿಂತ ಆ ಕವಿಯೇ ಇಂದು ಹಳಬರ ಶಿಖಾಮಣಿಯಾಗಿರುವುದನ್ನು ಹಿರಿಯರ ಪಕ್ಷವು ಮರೆಯಬಾರದು. ಹಳಬರನ್ನು ಓದಿ ಬಲ್ಲವನೇ ಹೊಸದನ್ನು ಬರೆದನೆಂಬುದನ್ನು ಕಿರಿಯರ ಪಕ್ಷವೂ ಮರೆಯಬಾರದು.

ಇಬ್ಬರೂ ಕೊನೆಗೆ ಹಿಡಿಯುವ ಆಸರೆ ಮಾತ್ರ ಒಂದೇ. ಲೋಕದ ರುಚಿ ಬಗೆಬಗೆಯಾದುದು, ರುಚಿಯಲ್ಲಿ ವಾದವೇತಕ್ಕೆ ಎಂಬ ಈ ಪೂರ್ವಪಕ್ಷವು ಕೇಳುವುದಕ್ಕೆ ವಿನಯದ ಮಾತಾಗಿ ತೋರುತ್ತದೆ. ಒಳಹೊಕ್ಕು ನೋಡಿದರೆ ಸೋಮಾರಿತನದ ಮಾತು. ಇದನ್ನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಆಡಿ ನೋಡಲಿ. ಒಬ್ಬನಿಗೆ ಬಾದಾಮಿ ಇಷ್ಟ, ಇನ್ನೊಬ್ಬನಿಗೆ ಮಲ್ಲಿಕಾ ಇಷ್ಟ. ಅದು ನಾಲಗೆಯ ವಿಷಯ, ಅಲ್ಲಿ ಜಗಳವಿಲ್ಲ. ಆದರೆ ಕಾಯಿ ಮರದಲ್ಲಿ ಬಲಿತುದೇ, ಎಳಸಾಗಿ ಕಿತ್ತು ಬಲವಂತದಿಂದ ಹಣ್ಣು ಮಾಡಿದುದೇ, ಒಳಗೆ ಹುಳುವುಂಟೇ ಎಂಬುದು ಇಷ್ಟಾನಿಷ್ಟಕ್ಕೆ ಸೇರಿದುದಲ್ಲ. ಬಾದಾಮಿಯನ್ನು ಬಾಯಿಗಿಡದ ವ್ಯಾಪಾರಿಯೂ ಒಳ್ಳೆಯ ಬಾದಾಮಿಯನ್ನು ಗುರುತಿಸಬಲ್ಲನು. ತಿರುಳು ತೆಗೆಯುವ ಕಾರ್ಖಾನೆಗೆ ಹೋಗುವ ತೋತಾಪುರಿಯನ್ನು ಬಾದಾಮಿಯ ಸಿಹಿಯಿಲ್ಲವೆಂದು ಹಳಿಯುವವನನ್ನು ಕಂಡು ಮಂಡಿಯವರು ನಗುತ್ತಾರೆ. ಹಣ್ಣಿಗೆ ಸಲ್ಲುವ ನ್ಯಾಯವು ಕಲೆಗೆ ಸಲ್ಲದೆ?

ರುಚಿಭೇದಕ್ಕೆ ಕಾಳಿದಾಸನ ಆಧಾರ ಕೊಡುವವರು ಅದೇ ‘ಮಾಲವಿಕಾಗ್ನಿಮಿತ್ರ’ದ ಮೊದಲಿನ ಎರಡು ಅಂಕಗಳನ್ನು ಪೂರ್ತಿಯಾಗಿ ಓದಬೇಕು. ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರಿಗೆ ವಿವಾದ ಹುಟ್ಟುತ್ತದೆ. ರಾಜನು ತೀರ್ಪು ಕೊಡುವುದಿಲ್ಲ. ತಾನು ಪಕ್ಷಪಾತಿಯೆಂದು ರಾಣಿ ಶಂಕಿಸಿಯಾಳೆಂಬ ಅಳುಕು ಅವನಿಗೆ. ಮಧ್ಯಸ್ಥಳಾಗುವವಳು ಪಂಡಿತೆಯಾದ ಪರಿವ್ರಾಜಿಕೆ. ಆಕೆಯಾದರೂ ಮಾತಿನ ಜಗಳವನ್ನು ಒಪ್ಪದೆ ಪ್ರಯೋಗವನ್ನೇ ಕಣ್ಣಾರೆ ನೋಡಬೇಕೆನ್ನುತ್ತಾಳೆ. ನೋಡಿದ ಮೇಲೆ ಅಂಗಾಭಿನಯ, ಲಯ, ರಸ ಎಂದು ಒಂದೊಂದು ಕಾರಣವನ್ನೂ ಎತ್ತಿ ಹೇಳುತ್ತಾಳೆ. ರಾಜನಿಗೆ ನರ್ತಿಸಿದ ಮಾಲವಿಕೆ ಹಿಡಿಸಿದ್ದಳು, ಕುಣಿತ ಹೇಗಿದ್ದರೂ ಹಿಡಿಸುತ್ತಿತ್ತು. ಹಿಡಿಸಿದವನು ಬೇರೆ, ತೀರ್ಪು ಕೊಡತಕ್ಕವರು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಅಭಿನವಗುಪ್ತನು ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ತನ್ನ ಸ್ವಂತ ಸುಖದುಃಖಗಳಿಗೆ ತಾನೇ ವಶನಾಗಿರುವುದು ಅವುಗಳಲ್ಲೊಂದು. ಹಳೆಯ ಚಿತ್ರವನ್ನು ನೋಡಿ ಕಣ್ಣೊರಸಿಕೊಳ್ಳುವ ಹಿರಿಯರು ಎಷ್ಟೋ ವೇಳೆ ಹೊಗಳುತ್ತಿರುವುದು ಚಿತ್ರವನ್ನಲ್ಲ, ಕಳೆದುಹೋದ ತಮ್ಮ ಯೌವನವನ್ನು. ಹೊಸ ಚಿತ್ರಕ್ಕೆ ಕೇಕೆ ಹಾಕುವ ತರುಣನೂ ತನ್ನ ಮೆಚ್ಚಿನ ನಟನಲ್ಲಿ ತನ್ನನ್ನೇ ಕಂಡು ಬೀಗುತ್ತಿರುತ್ತಾನೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ: ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತವಾಗಿ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಅಸೂಯೆಯಿಂದ ಗುಣವನ್ನು ಮುಚ್ಚುವ ಮತ್ಸರಿ, ತತ್ತ್ವವನ್ನೇ ಅರಸುವ ತತ್ತ್ವಾಭಿನಿವೇಶಿ. ಮೊದಲ ಮೂವರೂ ಇಂದು ಪ್ರತಿಯೊಂದು ಬೀದಿಯಲ್ಲಿಯೂ ಸಿಕ್ಕುತ್ತಾರೆ. ಐದು ನಕ್ಷತ್ರಗಳಲ್ಲಿ ಇಷ್ಟೆಂದು ಅಂಕವಿಟ್ಟು ಕೈತೊಳೆದುಕೊಳ್ಳುವ ಪದ್ಧತಿಯು ಅವರಿಗೆಲ್ಲ ಒಳ್ಳೆಯ ಮರೆಯಾಗಿದೆ. ಅಂಕಕ್ಕೆ ಕಾರಣ ಕೇಳುವವರಿಲ್ಲವಷ್ಟೆ.

ಇನ್ನು ನೋಡಿದ್ದೇನು ಎಂಬ ಪ್ರಶ್ನೆಯಿದೆ. ‘ಚಿತ್ರ ಮಬ್ಬಾಗಿದೆ, ಮಾತು ಕೇಳಿಸದು, ಕಥೆ ನೆಗೆನೆಗೆದು ಓಡುತ್ತದೆ’ ಎಂದು ಹಳೆಯ ಚಿತ್ರವನ್ನು ದೂರುವವರು, ಅದು ಚಿತ್ರದ ದೋಷವೇ ಕೈಗೆ ಸಿಕ್ಕ ಪ್ರತಿಯ ದೋಷವೇ ಎಂದು ವಿಚಾರಿಸುವುದಿಲ್ಲ. ಡಿ.ವಿ.ಡಿ.ಗಿಂತ ಮುಂಚಿನ ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷದ ಚಿತ್ರ ಮಾತ್ರ ಹಿಡಿಸುತ್ತಿತ್ತು. ಎರಡೂವರೆ ಗಂಟೆಯ ಚಿತ್ರವು ನಡುವೆ ತುಂಡಾಗಲೇಬೇಕು. ಅಗಲವಾದ ತೆರೆಗೆಂದು ತೆಗೆದ ಚಿತ್ರವನ್ನು ದೂರದರ್ಶನದ ಪೆಟ್ಟಿಗೆಗೆ ಹೊಂದಿಸಲು ಎಡಬಲದ ಅಂಚುಗಳನ್ನು ಕತ್ತರಿಸುವ ರೂಢಿಯೂ ಇತ್ತು. ಲಿಪಿಕಾರನ ತಪ್ಪಿಗೆ ಕವಿಯನ್ನು ದಂಡಿಸುವವರಾರು? ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವು ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಕಪ್ಪುಬಿಳುಪು ಬಣ್ಣಗೇಡೆಂದು ಭಾವಿಸಿದವರು ಅಂಥ ಶುದ್ಧಪ್ರತಿಯನ್ನು ನೋಡಿದ ಮೇಲೆ ಮಾತನಾಡಲಿ.

ಮುಳಬಾಗಿಲಿನ ಹೆಮ್ಮೆಯ ಕಲಾವಿದೆ ಸೌಂದರ್ಯ ಅವರು ನಿರ್ಮಿಸಿ ನಟಿಸಿದ ‘ದ್ವೀಪ’ವನ್ನು ತೆಗೆದುಕೊಳ್ಳಬಹುದು. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರವು 2002ನೆಯ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಆಕೆಯ ಸ್ವಂತ ಸೀಮೆಯಲ್ಲಿಯೇ ಇದರ ಮೇಲೆ ಹೊರಿಸುವ ದೋಷ ‘ನಿಧಾನ’ವೆಂಬುದು. ಅಣೆಕಟ್ಟಿನ ನೀರು ಇಂಚಿಂಚಾಗಿ ಏರಿ ಒಂದು ಮನೆಯನ್ನು ಸುತ್ತುವರಿಯುವ ಕಥೆ ಅದು. ನೀರು ಓಡೋಡಿ ಬಂದಿದ್ದರೆ ಆ ಮನೆಯವರಿಗೆ ಕಾಯುವ ಸಂಕಟವಿರುತ್ತಿರಲಿಲ್ಲ, ಕಥೆಯೂ ಇರುತ್ತಿರಲಿಲ್ಲ. ನಿಧಾನವು ಎಲ್ಲಿ ಅರ್ಥಕ್ಕೆ ದುಡಿಯುತ್ತದೆ, ಎಲ್ಲಿ ಬರಿಯ ಜಡತೆಯಾಗುತ್ತದೆ ಎಂದು ಬಿಡಿಸಿ ಹೇಳಿದರೆ ಅದು ವಿಮರ್ಶೆ. ಪ್ರಶಸ್ತಿ ಬಂದಿತೆಂದು ತಲೆದೂಗುವುದೂ ವಿಮರ್ಶೆಯಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು.

ಹೊಸ ಚಿತ್ರದ ವಿಷಯದಲ್ಲಿ ಅನ್ಯಾಯ ಮತ್ತೊಂದು ಬಗೆಯದು. 2018ರಲ್ಲಿಯೂ 2022ರಲ್ಲಿಯೂ ಎರಡು ಭಾಗಗಳಾಗಿ ಬಂದ ‘ಕೆ.ಜಿ.ಎಫ್.’ ಈ ಜಿಲ್ಲೆಯ ಹೆಸರನ್ನು ದೇಶವೆಲ್ಲ ಹಬ್ಬಿಸಿತು. ಅದು ಇಲ್ಲಿಯ ಸತ್ಯಚರಿತ್ರೆಯೆಂದು ಕೆಲವರು ಕೊಂಡಾಡುತ್ತಾರೆ. ಚರಿತ್ರೆಯಲ್ಲವಾದುದರಿಂದ ಕೆಟ್ಟ ಚಿತ್ರವೆಂದು ಕೆಲವರು ತೆಗಳುತ್ತಾರೆ. ಇಬ್ಬರೂ ತಪ್ಪಿದ್ದಾರೆ. ನರಾಚಿಯೆಂಬುದು ಕಲ್ಪಿತ ಗಣಿ. ನಿಜವಾದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಕಂಪನಿಯವರು ನಡೆಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. 1956ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. 2001ರ ಫೆಬ್ರವರಿ 28ರಂದು ಅವು ಮುಚ್ಚಿದುವು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ದುಡಿದ ಕಾರ್ಮಿಕರ ಕಥೆ ಬೇರೆ, ಅದನ್ನು ತೆರೆಗೆ ತರುವ ಕೆಲಸ ಬೇರೆ. ಅದ್ಭುತವನ್ನೂ ರೌದ್ರವನ್ನೂ ಉದ್ದೇಶಿಸಿದ ಕಟ್ಟುಕಥೆಯನ್ನು ಅದ್ಭುತರೌದ್ರಗಳು ಎಷ್ಟರ ಮಟ್ಟಿಗೆ ಸಿದ್ಧಿಸಿದುವೆಂದು ಅಳೆಯಬೇಕು. ರಭಸವು ಬರಿಯ ಅಬ್ಬರವಾದುದೆಲ್ಲಿ, ಮಾತು ಪಾತ್ರವನ್ನು ಬಿಟ್ಟು ಚಪ್ಪಾಳೆಗೆ ಕೈಚಾಚಿದುದೆಲ್ಲಿ ಎಂದು ತೋರಿಸಬೇಕು. ಆ ಮೇಲೆ, ಮನೆಯ ಮಗುವಿಗೆ ಗಣಿಯ ನಿಜಸಂಗತಿಯನ್ನು ಬೇರೆಯಾಗಿ ತಿಳಿಯಹೇಳಬೇಕು. ಆ ಹೊಣೆ ಹಿರಿಯರದು. ಚಿತ್ರವನ್ನು ಬೈದುದರಿಂದ ಅದು ತೀರುವುದಿಲ್ಲ.

ಇಷ್ಟಕ್ಕೂ ಮನೆಯ ಹರಟೆಯ ಮೇಲೆ ಇಷ್ಟು ಕಠೋರತೆ ಏಕೆಂದು ಕೇಳುವವರಿದ್ದಾರೆ. ಹರಟೆಯಿಂದಲೇ ಚಿತ್ರಗಳು ಉಳಿಯುತ್ತವೆ, ಅಳಿಯುತ್ತವೆ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ನೋಡುವುದಕ್ಕೆ ದೊರೆಯದು. ಹಳೆಯ ಸುರುಳಿಗಳನ್ನು ಬೆಳ್ಳಿಗಾಗಿ ಕರಗಿಸಿದ ಕಾಲ ಈ ದೇಶದಲ್ಲಿ ಇತ್ತು. ಪುಣೆಯ ರಾಷ್ಟ್ರೀಯ ಚಿತ್ರಭಂಡಾರ ಸ್ಥಾಪಿತವಾದುದು 1964ರಲ್ಲಿ, ಸುಲೋಚನೆ ಹುಟ್ಟಿ ಮೂವತ್ತು ವರ್ಷ ಕಳೆದ ಮೇಲೆ. ಓಲೆಗರಿಗಳನ್ನು ಹೊಳೆಗೆ ಬಿಟ್ಟವರೂ ಅವು ತಮಗೆ ಬೇಡವೆಂದೇ ಬಿಟ್ಟರು. ಈಗ ಮನೆಮನೆಯ ತಟ್ಟೆಗಳು ಗುಜರಿಯವನ ಚೀಲಕ್ಕೆ ಬೀಳುತ್ತಿವೆ. ಯಾವುದನ್ನು ಉಳಿಸಿಕೊಳ್ಳಬೇಕೆಂದು ನಿರ್ಧರಿಸುವುದಕ್ಕೆ ‘ಹಿಡಿಸಲಿಲ್ಲ’ ಎಂಬುದು ಸಾಕಾದ ಪ್ರಮಾಣವೇ?

ಆದಕಾರಣ ಚಿತ್ರದ ಮೇಲೆ ಮಾತನಾಡತಕ್ಕವರು ಮೂರು ಸಂಗತಿಗಳನ್ನು ಮೊದಲು ಹೇಳಲಿ: ನೋಡಿದ್ದು ಎಂಥ ಪ್ರತಿ, ಚಿತ್ರವು ಕೈಕೊಂಡ ಕಾರ್ಯ ಯಾವುದು, ಆ ಕಾರ್ಯವು ಯಾವ ದೃಶ್ಯದಲ್ಲಿ ಸಿದ್ಧಿಸಿತು, ಯಾವುದರಲ್ಲಿ ಕೆಟ್ಟಿತು. ನಾಲ್ಕನೆಯದಾಗಿ, ತಮಗೆ ಹಿಡಿಸಿತೋ ಇಲ್ಲವೋ ಎಂಬುದನ್ನು ಧಾರಾಳವಾಗಿ ಹೇಳಬಹುದು. ಆಗ ಅದಕ್ಕೂ ಬೆಲೆ ಬರುತ್ತದೆ. ‘ವಿಮರ್ಶೆ’ ಎಂಬ ಹೆಸರಿನಿಂದಲೇ ಸಂಪುಟಗಳನ್ನು ಪ್ರಕಟಿಸಿದ ಮಾಸ್ತಿಯವರು ಮಾಲೂರು ತಾಲ್ಲೂಕಿನವರು. ‘ಜೀವನ ಸೌಂದರ್ಯ ಮತ್ತು ಸಾಹಿತ್ಯ’ವನ್ನು ಬರೆದ ಡಿ.ವಿ.ಜಿ. ಅವರು ಮುಳಬಾಗಿಲಿನವರು. ಕಾರಣ ಹೇಳದೆ ಹೊಗಳುವುದೂ ಕಾರಣ ಹೇಳದೆ ಹಳಿಯುವುದೂ ಅಂಥವರ ನಾಡಿನಲ್ಲಿ ಮರ್ಯಾದೆಯೆನಿಸಲಾರದು.