ಗಾಯಗೊಂಡ ಕೈಯ ಹಕ್ಕು

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಹಿರಿಯರ ಅನುಭವದಿಂದ ಹುಟ್ಟಿದ ಗಾದೆ. ದುಡಿದವನಿಗೆ ಅನ್ನ ತಪ್ಪದು ಎಂಬ ಭರವಸೆ ಅದರಲ್ಲಿದೆ. ಆದರೆ ದುಡಿಯುವ ಕೈಯೇ ಯಂತ್ರಕ್ಕೆ ಸಿಕ್ಕಿ ತುಂಡಾದರೆ ಆ ಮನೆಯವರಿಗೆ ಮೊಸರು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಅದನ್ನು ಸಮಾಜ ಹೇಳಬೇಕು; ಸಮಾಜದ ಪರವಾಗಿ ಕಾನೂನು ಹೇಳಬೇಕು.

ಹಿಂದೆ ಕಮ್ಮಾರನಾಗಲಿ, ಬಡಗಿಯಾಗಲಿ ತನ್ನ ಮನೆಯ ಮುಂದೆ, ತನ್ನದೇ ಹತಾರಗಳಿಂದ ಕೆಲಸ ಮಾಡುತ್ತಿದ್ದ. ಕೆಲಸದ ವೇಗ ಅವನ ಕೈಯಲ್ಲೇ ಇತ್ತು. ಯಂತ್ರಯುಗ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಯಂತ್ರ ಒಬ್ಬನದು, ಅದರ ಮುಂದೆ ನಿಲ್ಲುವ ದೇಹ ಮತ್ತೊಬ್ಬನದು. ಕನ್ನಡ ನಾಡಿನಲ್ಲೇ ಇದಕ್ಕೆ ನಿದರ್ಶನವುಂಟು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವವರೆಗೆ ನೂರಕ್ಕೂ ಹೆಚ್ಚು ವರ್ಷ ನಡೆದವು. ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕಿಳಿದು ಕಾರ್ಮಿಕರು ಬಂಡೆ ಕೊರೆದರು. ಒತ್ತಡ ತಾಳಲಾರದೆ ಬಂಡೆಗಳು ಸಿಡಿದು ಕೆಲವರು ಸತ್ತರು. ಕಲ್ಲಿನ ದೂಳು ಶ್ವಾಸಕೋಶದಲ್ಲಿ ತುಂಬಿ ಬರುವ ಸಿಲಿಕೋಸಿಸ್ ಎಂಬ ರೋಗದಿಂದ ಮತ್ತೆ ಕೆಲವರು ಮೆಲ್ಲಮೆಲ್ಲನೆ ಕುಗ್ಗಿಹೋದರು. ಚಿನ್ನದ ಹೊಳಪನ್ನು ಕಂಡವರೆಲ್ಲರೂ ಈ ದೂಳನ್ನು ಕಂಡವರಲ್ಲ.

ಮೊದಲಲ್ಲಿ ಕಾನೂನು ಗಾಯಗೊಂಡವನ ನೆರವಿಗೆ ಬರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಪರಿಹಾರ ಕೇಳುವವನು ಮಾಲೀಕನ ತಪ್ಪನ್ನು ತಾನೇ ರುಜುವಾತುಪಡಿಸಬೇಕಾಗಿತ್ತು. ಅಪಘಾತಕ್ಕೆ ಜೊತೆಯ ಕೆಲಸಗಾರ ಕಾರಣನೆಂದಾದರೆ ಮಾಲೀಕನು ಹೊಣೆಯಲ್ಲ ಎಂದು ನ್ಯಾಯಾಲಯಗಳು ಹೇಳುತ್ತಿದ್ದವು. ಅಪಾಯವನ್ನು ತಿಳಿದೇ ಕೆಲಸಕ್ಕೆ ಸೇರಿದವನು ದೂರಲಾರ ಎಂಬ ವಾದವೂ ಇತ್ತು. ಹಸಿವಿನಿಂದ ಕೆಲಸಕ್ಕೆ ಬಂದವನು ಅಪಾಯವನ್ನು ಇಚ್ಛೆಪಟ್ಟು ಆರಿಸಿಕೊಂಡನೆಂದು ಹೇಳುವುದು ಎಂಥ ನ್ಯಾಯ!

ಈ ಅನ್ಯಾಯದ ಅರಿವಿನಿಂದ ಹೊಸದೊಂದು ತತ್ತ್ವ ಮೂಡಿತು. ‘ತಪ್ಪು ಯಾರದು?’ ಎಂಬ ಪ್ರಶ್ನೆಯ ಬದಲು ‘ಗಾಯ ಕೆಲಸದಿಂದಾಯಿತೆ?’ ಎಂಬ ಪ್ರಶ್ನೆಯನ್ನು ಕಾನೂನು ಕೇಳತೊಡಗಿತು. 1884ರಲ್ಲಿ ಜರ್ಮನಿ ಅಪಘಾತ ವಿಮೆಯ ಕಾಯಿದೆಯನ್ನು ಮಾಡಿತು. 1897ರಲ್ಲಿ ಬ್ರಿಟನ್ ಪರಿಹಾರದ ಕಾಯಿದೆಯನ್ನು ತಂದಿತು. ಭಾರತದಲ್ಲಿ 1923ರ ಕಾರ್ಮಿಕ ಪರಿಹಾರ ಕಾಯಿದೆ 1924ರ ಜುಲೈ 1ರಿಂದ ಜಾರಿಗೆ ಬಂದಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ರಾಜ್ಯ ವಿಮಾ ಕಾಯಿದೆಯು ವಿಮೆಗೆ ಒಳಪಟ್ಟ ಕಾರ್ಮಿಕರಿಗೆ ಚಿಕಿತ್ಸೆಯನ್ನೂ ಹಣದ ನೆರವನ್ನೂ ಒದಗಿಸಿತು. ಈ ಎರಡೂ ಕಾಯಿದೆಗಳ ತಿರುಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಆ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಯಿತು. ಹೆಸರು ಬದಲಾದರೂ ಮೂಲತತ್ತ್ವ ಬದಲಾಗಿಲ್ಲ.

ಪರಿಹಾರವನ್ನು ಮಾಲೀಕನ ಮನಸ್ಸಿಗೆ ಬಂದಂತೆ ನಿರ್ಧರಿಸುವಂತಿಲ್ಲ, ಅದಕ್ಕೊಂದು ಲೆಕ್ಕವುಂಟು. ದುಡಿಯುವ ಶಕ್ತಿ ಶಾಶ್ವತವಾಗಿ, ಸಂಪೂರ್ಣವಾಗಿ ನಷ್ಟವಾದರೆ ತಿಂಗಳ ಕೂಲಿಯ ನೂರಕ್ಕೆ 60 ಭಾಗವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. ಇಪ್ಪತ್ತು ವರ್ಷದವನಿಗೆ ಆ ಸಂಖ್ಯೆ 224. ಅವನ ಕೂಲಿ ತಿಂಗಳಿಗೆ 10,000 ರೂಪಾಯಿ ಎಂದುಕೊಂಡರೆ 6,000ವನ್ನು 224ರಿಂದ ಗುಣಿಸಿದಾಗ 13,44,000 ರೂಪಾಯಿ ಆಗುತ್ತದೆ. ಚಿಕ್ಕ ವಯಸ್ಸಿನವನಿಗೆ ಈ ಸಂಖ್ಯೆ ದೊಡ್ಡದು. ಏಕೆಂದರೆ ಅವನು ಕಳೆದುಕೊಂಡ ದುಡಿಮೆಯ ವರ್ಷಗಳು ಹೆಚ್ಚು. ಒಂದು ಅಂಗ ಮಾತ್ರ ಹೋದರೆ ಅದಕ್ಕೂ ಪಟ್ಟಿಯಿದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ಭಾಗ ಹೋಯಿತೆಂದು ಎಣಿಕೆ.

ಆದರೆ ಮನುಷ್ಯನ ಬಾಳು ಪಟ್ಟಿಯೊಳಗೆ ಪೂರ್ತಿಯಾಗಿ ಅಡಗುವುದಿಲ್ಲ. 1968ರಲ್ಲಿ ಒಡಿಶಾದ ಒಂದು ಚಿತ್ರಮಂದಿರದಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು ಗಾಯಗೊಂಡನು. ಅವನ ಎಡಗೈಯನ್ನು ಮೊಣಕೈಯ ಮೇಲ್ಭಾಗದಲ್ಲಿ ಕತ್ತರಿಸಬೇಕಾಯಿತು. ಒಂದು ಕೈ ಉಳಿದಿರುವುದರಿಂದ ನಷ್ಟ ಭಾಗಶಃ ಮಾತ್ರ ಎಂಬುದು ಮಾಲೀಕನ ವಾದವಾಗಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದು. ಆದುದರಿಂದ ಅವನ ನಷ್ಟ ಸಂಪೂರ್ಣವಾದುದೇ ಎಂಬ ತೀರ್ಮಾನವನ್ನು ಕೋರ್ಟು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಅಪಘಾತವಾದ ದಿನದಿಂದಲೇ ಪರಿಹಾರ ಕೊಡುವ ಹೊಣೆ ಹುಟ್ಟುತ್ತದೆ ಎಂದೂ ಹೇಳಿತು. ಉಳಿದ ಕೈಯನ್ನು ಎಣಿಸದೆ ಉಳಿದ ಬಾಳನ್ನು ಎಣಿಸಿದ ಈ ತೀರ್ಪು ಮಾನವೀಯವಾದುದು. ಆದರೂ ಆ ಮಾತನ್ನು ಕೇಳಲು ಬಡಗಿ ಏಳು ವರ್ಷ ಕಾಯಬೇಕಾಯಿತೆಂಬುದನ್ನು ಮರೆಯಲಾಗದು. ತಡವಾಗಿ ಬಂದ ಪರಿಹಾರ ಸಾಲಗಾರನಿಗೆ ಸಲ್ಲುತ್ತದೆಯೇ ಹೊರತು ಮಕ್ಕಳ ಹೊಟ್ಟೆಗಲ್ಲ.

ಪರಿಹಾರದ ಹೊರೆಯಿಂದ ಸಣ್ಣ ಉದ್ಯಮಗಳು ಕುಸಿಯುತ್ತವೆ ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಯಂತ್ರದ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವ ಮಾಲೀಕನು ಅದನ್ನು ನಡೆಸುವ ಮನುಷ್ಯನ ಸವಕಳಿಯನ್ನು ಲೆಕ್ಕದ ಹೊರಗೆ ಬಿಡುವುದು ಹೇಗೆ ಸರಿ? ಹೊರೆ ಒಬ್ಬನ ಮೇಲೆಯೇ ಬೀಳದಿರಲೆಂದೇ ವಿಮೆಯ ಏರ್ಪಾಡು ಇದೆ. ಕಾರ್ಮಿಕನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣವೆನ್ನುವವರೂ ಇದ್ದಾರೆ. ಕುಡಿದು ಕೆಲಸ ಮಾಡಿದವನಿಗೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದವನಿಗೆ ಆದ ಸಣ್ಣಪುಟ್ಟ ಗಾಯಗಳಿಗೆ ಕಾನೂನು ಪರಿಹಾರ ಕೊಡಿಸುವುದಿಲ್ಲ. ಆದರೆ ಸಾವು ಅಥವಾ ಶಾಶ್ವತವಾದ ಸಂಪೂರ್ಣ ಅಂಗವೈಕಲ್ಯ ಒದಗಿದಾಗ ಈ ಆಕ್ಷೇಪಣೆ ನಿಲ್ಲದು. ತಂದೆಯ ತಪ್ಪಿಗೆ ಮಕ್ಕಳು ಉಪವಾಸ ಬೀಳಬಾರದೆಂಬ ವಿವೇಕ ಇಲ್ಲಿದೆ.

ಈ ಹಕ್ಕಿನ ನಿಜವಾದ ಶತ್ರು ಅಜ್ಞಾನ. ಆಸ್ಪತ್ರೆಯ ಖರ್ಚಿಗೆಂದು ಮಾಲೀಕನು ಕೊಟ್ಟ ಒಂದಿಷ್ಟು ಹಣವನ್ನು ಅವನ ದೊಡ್ಡತನವೆಂದು ಭಾವಿಸಿ, ಚಾಚಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಮನೆಗೆ ಮರಳುವವರಿದ್ದಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಗುತ್ತಿಗೆದಾರನ ಕೈಕೆಳಗೆ ದುಡಿದವನು ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನಿಂದಲೂ ಪರಿಹಾರ ಕೇಳಬಹುದು. ಕೆಲಸದಲ್ಲಿ ಸತ್ತವನ ಪರಿಹಾರವನ್ನು ಸರ್ಕಾರ ನೇಮಿಸಿದ ಅಧಿಕಾರಿಯಲ್ಲಿ ಠೇವಣಿ ಇಡಬೇಕು. ವಿಧವೆಯ ಕೈಗೆ ಗುಟ್ಟಾಗಿ ಅಷ್ಟಿಷ್ಟು ಕೊಟ್ಟು ಮಾಲೀಕನು ಹೊಣೆಯಿಂದ ಪಾರಾಗುವಂತಿಲ್ಲ. ಅಪಘಾತವನ್ನು ಕೂಡಲೇ ಬರವಣಿಗೆಯಲ್ಲಿ ತಿಳಿಸುವುದು, ವೈದ್ಯರ ಚೀಟಿಯನ್ನೂ ಕೂಲಿಯ ದಾಖಲೆಯನ್ನೂ ಜೋಪಾನ ಮಾಡುವುದು, ಕಂಡವರ ಸಾಕ್ಷ್ಯವನ್ನು ನೆನಪಿಡುವುದು ಅವಶ್ಯಕ. ಕಾರ್ಮಿಕನಿಗೆ ಓದುಬರಹ ಬಾರದಿದ್ದಲ್ಲಿ ಶಾಲೆಗೆ ಹೋಗುವ ಅವನ ಮಗನೋ ಮಗಳೋ ಇದನ್ನು ಮಾಡಬಲ್ಲರು. ವಿದ್ಯೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ?

ಎಷ್ಟೇ ಹಣ ಕೊಟ್ಟರೂ ಕಡಿದ ಕೈ ಮತ್ತೆ ಚಿಗುರದು. ಆದುದರಿಂದ ಯಂತ್ರಕ್ಕೆ ರಕ್ಷಣೆಯ ಬೇಲಿ ಹಾಕುವುದು, ದೂಳನ್ನು ತಡೆಯುವುದು, ದಣಿದವನಿಗೆ ವಿಶ್ರಾಂತಿ ಕೊಡುವುದು ಮೊದಲ ಕರ್ತವ್ಯ. ಆ ಕರ್ತವ್ಯ ಸೋತಲ್ಲಿ ಪರಿಹಾರ ಬರಬೇಕು. ಬೇಡಿದವನಿಗೆ ಹಾಕಿದ ಭಿಕ್ಷೆಯಂತಲ್ಲ, ಸಲ್ಲಬೇಕಾದವನಿಗೆ ತೀರಿಸಿದ ಸಾಲದಂತೆ ಬರಬೇಕು. ಹನ್ನೆರಡನೆಯ ಶತಮಾನದಲ್ಲೇ ಶರಣರು ಕಾಯಕಕ್ಕೆ ಹಿರಿಮೆ ತಂದ ನಾಡು ಇದು. ಕಾಯಕವನ್ನು ಗೌರವಿಸುವ ನಾಡು ಕಾಯಕದಲ್ಲಿ ನೊಂದ ದೇಹವನ್ನೂ ಗೌರವಿಸಬೇಕು.