ಬಿಇಒ ಕಚೇರಿಯ ಎರಡು ಪಟ್ಟಿ, ನಡುವೆ ನಮ್ಮೂರ ಶಾಲೆ

ತಾಲ್ಲೂಕು ಕೇಂದ್ರದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ವರ್ಷವಿಡೀ ಎರಡು ಬಗೆಯ ಸುದ್ದಿ ಹೊರಡುತ್ತಲೇ ಇರುತ್ತದೆ. ಒಂದು ಹೆಸರುಗಳದ್ದು: ಯಾರು ನಿವೃತ್ತರಾದರು, ಯಾರಿಗೆ ವರ್ಗವಾಯಿತು, ಯಾರಿಗೆ ಪ್ರಭಾರ ವಹಿಸಲಾಯಿತು. ಇನ್ನೊಂದು ತಾರೀಖುಗಳದ್ದು: ಪ್ರತಿಭಾ ಕಾರಂಜಿ ಯಾವತ್ತು, ತರಬೇತಿ ಯಾವತ್ತು, ಕ್ರೀಡಾಕೂಟ ಎಲ್ಲಿ, ಅರ್ಜಿಗೆ ಕೊನೆಯ ದಿನ ಯಾವುದು. ಮೊದಲನೆಯದು ಶಿಕ್ಷಕರ ಸಂಘದ ಮಾತುಕತೆಗೆ ಸೀಮಿತ. ಎರಡನೆಯದು ಮುಖ್ಯ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಸೀಮಿತ. ಮಕ್ಕಳನ್ನು ಶಾಲೆಗೆ ಕಳಿಸುವ ತಂದೆತಾಯಿಗೆ ಎರಡೂ ತಲುಪುವುದು ಅಪರೂಪ.

ತಲುಪಿದರೂ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನವಿದೆ. ಈ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ, ವರ್ಷದಲ್ಲಿ ಎಷ್ಟು ದಿನ ನಮ್ಮ ಮಗುವಿನ ತರಗತಿಯಲ್ಲಿ ಶಿಕ್ಷಕರು ಇರುತ್ತಾರೆ ಎಂಬುದು ಸುಮಾರಾಗಿ ಗೊತ್ತಾಗಿಬಿಡುತ್ತದೆ. ಬೇರೆ ಬೇರೆಯಾಗಿ ಓದಿದರೆ ಒಂದು ಬರೀ ಅಭಿನಂದನೆಯ ಸುದ್ದಿ, ಇನ್ನೊಂದು ಬರೀ ಆಹ್ವಾನ ಪತ್ರಿಕೆ.

ಕಚೇರಿಯಲ್ಲಿ ಯಾರ‍್ಯಾರು

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಶಾಲಾ ಶಿಕ್ಷಣ ಇಲಾಖೆಗೆ ಬೆಂಗಳೂರಿನಲ್ಲಿ ಆಯುಕ್ತರಿದ್ದಾರೆ. ಉತ್ತರದ ಜಿಲ್ಲೆಗಳಿಗಾಗಿ ಧಾರವಾಡ ಮತ್ತು ಕಲಬುರಗಿಯಲ್ಲಿ ಅಪರ ಆಯುಕ್ತರ ಕಚೇರಿಗಳಿವೆ. ಜಿಲ್ಲೆಯಲ್ಲಿ ಉಪನಿರ್ದೇಶಕರು ಇಬ್ಬರು: ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಅಭಿವೃದ್ಧಿಗೆ. ಎರಡನೆಯವರೇ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ, ಅಂದರೆ ಡಯಟ್‌ನ ಪ್ರಾಂಶುಪಾಲರು. ಕಂದಾಯ ಜಿಲ್ಲೆಯೇ ಬೇರೆ, ಶೈಕ್ಷಣಿಕ ಜಿಲ್ಲೆಯೇ ಬೇರೆ. ಚಿಕ್ಕೋಡಿ, ಶಿರಸಿ, ಮಧುಗಿರಿ ಜಿಲ್ಲಾ ಕೇಂದ್ರಗಳಲ್ಲದಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಜಿಲ್ಲೆಗಳೇ.

ತಾಲ್ಲೂಕಿಗೆ ಬಂದರೆ ಎರಡು ಕಚೇರಿಗಳು, ಹಲವು ಕಡೆ ಒಂದೇ ಆವರಣದಲ್ಲಿ. ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ ಸಂಬಳ, ರಜೆ, ಮಾನ್ಯತೆ, ಶಿಸ್ತುಕ್ರಮದಂಥ ಆಡಳಿತ ನೋಡಿಕೊಳ್ಳುತ್ತದೆ. ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ, ಪಾಠ ಮತ್ತು ತರಬೇತಿಯ ಕಡೆ ಗಮನ ಕೊಡುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಡಯಟ್‌ಗಳು ಹುಟ್ಟಿದವು. ತೊಂಬತ್ತರ ದಶಕದಲ್ಲಿ ಬಂದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಎಂಬ ಯೋಜನೆ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಿಂದ ರಾಜ್ಯದಲ್ಲಿ ಕಾಲಿಟ್ಟಿತು. ಬಿಆರ್‌ಸಿ ಮತ್ತು ಕ್ಲಸ್ಟರ್ ಕೇಂದ್ರಗಳು ಆ ಕಾಲದ ಕೊಡುಗೆ. ಯೋಜನೆಯ ಹೆಸರು ಸರ್ವ ಶಿಕ್ಷಾ ಅಭಿಯಾನವಾಯಿತು, 2018ರಿಂದ ಸಮಗ್ರ ಶಿಕ್ಷಣವಾಯಿತು. ಕೇಂದ್ರಗಳು ಮಾತ್ರ ಹಾಗೆಯೇ ಉಳಿದವು.

ಬಿಆರ್‌ಸಿಯಲ್ಲಿ ಸಮನ್ವಯಾಧಿಕಾರಿ, ಅವರ ಕೈಕೆಳಗೆ ಬಿಆರ್‌ಪಿ ಎಂಬ ಸಂಪನ್ಮೂಲ ವ್ಯಕ್ತಿಗಳು, ಒಂದೊಂದು ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಒಬ್ಬ ಸಿಆರ್‌ಪಿ. ಸಿಆರ್‌ಪಿಗಳು ಹೊರಗಿನಿಂದ ಬಂದವರಲ್ಲ, ನಿನ್ನೆ ಮೊನ್ನೆಯವರೆಗೆ ತರಗತಿಯಲ್ಲಿ ಪಾಠ ಮಾಡುತ್ತಿದ್ದ ಶಿಕ್ಷಕರೇ. ಆದ್ದರಿಂದ ಸಿಆರ್‌ಪಿ ಹುದ್ದೆಗಳು ಭರ್ತಿಯಾದವು ಎಂಬ ಸುದ್ದಿ ಓದಿದಾಗ, ಅಷ್ಟೇ ಶಿಕ್ಷಕರು ಯಾವ ಯಾವ ಶಾಲೆಯಿಂದ ಎದ್ದು ಬಂದರು, ಅವರ ಜಾಗಕ್ಕೆ ಯಾರು ಬಂದರು ಎಂದೂ ಕೇಳಬೇಕು.

ಹೆಸರುಗಳ ಪಟ್ಟಿ ಓದುವುದು ಹೇಗೆ

ನಿವೃತ್ತಿಯಿಂದ ಶುರು ಮಾಡೋಣ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಬಿಡುಗಡೆ. ಒಂದನೇ ತಾರೀಖು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಹಾಗೆ ಬರೆಸಿಕೊಂಡ ಮಕ್ಕಳು ಮುಂದೆ ತಾವೇ ಮೇಷ್ಟ್ರಾದರು. ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಶಾಲೆ ತೆರೆಯುವ ಹೊತ್ತಿಗೇ ಕುರ್ಚಿಗಳು ಖಾಲಿಯಾಗಲು ಇದೂ ಒಂದು ಕಾರಣ. ಇದು ಅನಿರೀಕ್ಷಿತವೇನೂ ಅಲ್ಲ. ಯಾರು ಯಾವ ದಿನ ನಿವೃತ್ತರಾಗುತ್ತಾರೆ ಎಂಬುದು ಅವರು ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಆದರೂ ಬದಲಿ ವ್ಯವಸ್ಥೆಯ ಯೋಚನೆ ಶುರುವಾಗುವುದು ಬೀಳ್ಕೊಡುಗೆ ಸಮಾರಂಭ ಮುಗಿದ ಮೇಲೆ.

ಇನ್ನು ವರ್ಗಾವಣೆ. ಶಿಕ್ಷಕರ ವರ್ಗಾವಣೆಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. 2007ರಲ್ಲಿ ಮೊದಲ ಕಾಯ್ದೆ, 2020ರಲ್ಲಿ ಹೊಸದು. ಕೋರಿಕೆ ವರ್ಗಾವಣೆ, ಪರಸ್ಪರ ವರ್ಗಾವಣೆ, ಮಕ್ಕಳ ಸಂಖ್ಯೆ ಇಳಿದ ಶಾಲೆಯ ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ಹೀಗೆ ಬಗೆಗಳು ಹಲವು. ಶಾಲೆಗಳನ್ನು ಎ, ಬಿ, ಸಿ ವಲಯಗಳೆಂದು ವಿಂಗಡಿಸಲಾಗಿದೆ. ಎ ಎಂದರೆ ಪಟ್ಟಣ, ಸಿ ಎಂದರೆ ದೂರದ ಹಳ್ಳಿ. ದಂಪತಿ ಪ್ರಕರಣ, ಗಂಭೀರ ಕಾಯಿಲೆ, ಅಂಗವೈಕಲ್ಯ, ವಿಧವೆಯರಿಗೆ ಆದ್ಯತೆ ಉಂಟು. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆಯ ಘಟಕ ಜಿಲ್ಲೆ, ಪ್ರೌಢಶಾಲಾ ಸಹಶಿಕ್ಷಕರದ್ದು ವಿಭಾಗ.

ಕೌನ್ಸೆಲಿಂಗ್ ದಿನ ಉಪನಿರ್ದೇಶಕರ ಕಚೇರಿಯ ಸಭಾಂಗಣವನ್ನು ನೋಡಬೇಕು. ಪರದೆಯ ಮೇಲೆ ಖಾಲಿ ಹುದ್ದೆಗಳಿರುವ ಶಾಲೆಗಳ ಹೆಸರು ಬರುತ್ತವೆ. ಆದ್ಯತಾ ಪಟ್ಟಿಯ ಕ್ರಮಸಂಖ್ಯೆ ಕೂಗುತ್ತಾರೆ. ಶಿಕ್ಷಕಿ ಎದ್ದು ನಿಂತು, ಬಸ್ಸಿನ ಸೌಕರ್ಯ, ಗಂಡನ ಊರು, ಅತ್ತೆಯ ಕಾಯಿಲೆ ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ತೂಗಿ ಒಂದು ಹೆಸರು ಹೇಳುತ್ತಾರೆ. ಆ ಹೆಸರು ಪರದೆಯಿಂದ ಮರೆಯಾಗುತ್ತದೆ. ಅವರು ಬಿಟ್ಟು ಬಂದ ಊರಿನ ಹೆಸರು ಖಾಲಿ ಜಾಗಗಳ ಸಾಲಿಗೆ ಸೇರುತ್ತದೆ. ಶಿಫಾರಸು ಪತ್ರ ಹಿಡಿದು ಅಲೆಯುತ್ತಿದ್ದ ಹಳೆಯ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ, ಸಂಶಯವಿಲ್ಲ. ಆದರೆ ಕೌನ್ಸೆಲಿಂಗ್ ಶಿಕ್ಷಕರನ್ನು ಹುಟ್ಟಿಸುವುದಿಲ್ಲ. ಇರುವ ಕೊರತೆಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುತ್ತದೆ, ಅಷ್ಟೆ. ಬಹಳ ಸಲ ಅದು ಹೋಗಿ ನಿಲ್ಲುವುದು ಬಸ್ಸು ಅಪರೂಪವಾದ ಊರಿನಲ್ಲಿ.

ಪಟ್ಟಿಯಲ್ಲಿ ಗಮನಿಸಬೇಕಾದ ಇನ್ನೆರಡು ಪದಗಳು ಪ್ರಭಾರ ಮತ್ತು ನಿಯೋಜನೆ. ಪ್ರಭಾರ ಎಂದರೆ ಹುದ್ದೆ ಖಾಲಿ ಇದೆ, ಇನ್ನೊಬ್ಬರು ತಮ್ಮ ಕೆಲಸದ ಜೊತೆಗೆ ಅದನ್ನೂ ನೋಡಿಕೊಳ್ಳುತ್ತಾರೆ ಎಂದರ್ಥ. ನಿಯೋಜನೆ ಎಂದರೆ ಸಂಬಳದ ಪಟ್ಟಿಯಲ್ಲಿ ಒಂದು ಶಾಲೆ, ಕೆಲಸ ಇನ್ನೊಂದು ಕಡೆ. ಹುದ್ದೆ ಭರ್ತಿಯಾಗಿದೆ ಎಂದು ಕಾಗದ ಹೇಳುತ್ತಿರುತ್ತದೆ, ತರಗತಿಯಲ್ಲಿ ಮಾತ್ರ ಯಾರೂ ಇರುವುದಿಲ್ಲ.

ತಾರೀಖುಗಳ ಪಟ್ಟಿ ಓದುವುದು ಹೇಗೆ

ಮೇ ಕೊನೆಯಲ್ಲಿ ಶಾಲಾ ಪ್ರಾರಂಭೋತ್ಸವ, ದಾಖಲಾತಿ ಆಂದೋಲನ. ಹಿಂದೆಯೇ ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ ಸೇತುಬಂಧ. ನಂತರ ಶಿಕ್ಷಕರ ತರಬೇತಿಗಳು, ಕ್ರೀಡಾಕೂಟ, ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆ, ಪ್ರತಿಭಾ ಕಾರಂಜಿ, ವಿಜ್ಞಾನ ವಸ್ತುಪ್ರದರ್ಶನ, ಕಲಿಕಾ ಹಬ್ಬ, ನವೆಂಬರ್ ಆಸುಪಾಸು ಪಂಚಾಯಿತಿಯ ಮಕ್ಕಳ ಗ್ರಾಮಸಭೆ. ನಡುನಡುವೆ ಕ್ಲಸ್ಟರಿನ ಸಮಾಲೋಚನಾ ಸಭೆ, ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ. ಮಾರ್ಚ್‌ಗೆ ಎಸ್ಸೆಸ್ಸೆಲ್ಸಿ.

ಪೋಷಕರು ಇದರಲ್ಲಿ ಮೊದಲು ಹುಡುಕಬೇಕಾದ್ದು ಸಮಾರಂಭಗಳನ್ನಲ್ಲ, ಕೊನೆಯ ದಿನಾಂಕಗಳನ್ನು. ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಓದುವ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಮಗು ಇದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಐದನೇ ತರಗತಿಯಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಡಲು ದಿನ ಬೇಕು. ತಾರೀಖು ಮೊದಲೇ ಗೊತ್ತಾದ ಮನೆಯ ಮಗುವಿಗೆ ಅವಕಾಶ, ಆಮೇಲೆ ಗೊತ್ತಾದ ಮನೆಯ ಮಗುವಿಗೆ ಪಶ್ಚಾತ್ತಾಪ.

ಎರಡನ್ನೂ ಜೋಡಿಸಿದಾಗ

ಈಗ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಒಂದರಿಂದ ಐದನೇ ತರಗತಿ, 48 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 150 ಮಕ್ಕಳಿಗಿಂತ ಕಡಿಮೆ ಇರುವುದರಿಂದ ಪ್ರತ್ಯೇಕ ಮುಖ್ಯ ಶಿಕ್ಷಕರು ಇಲ್ಲ. ಇಬ್ಬರಲ್ಲಿ ಹಿರಿಯರೇ ಆ ಜವಾಬ್ದಾರಿಯನ್ನೂ ಹೊರುತ್ತಾರೆ. ಒಬ್ಬರು ಒಂದರಿಂದ ಮೂರರ ನಲಿ-ಕಲಿ, ಇನ್ನೊಬ್ಬರು ನಾಲ್ಕು ಮತ್ತು ಐದು. ಕಾಗದದ ಮೇಲೆ ಎಲ್ಲವೂ ಸರಿ.

ಪ್ರತಿಭಾ ಕಾರಂಜಿಯ ದಿನ ಕಿರಿಯ ಶಿಕ್ಷಕಿ ಏಳೆಂಟು ಮಕ್ಕಳನ್ನು ಆಟೊದಲ್ಲಿ ಕೂರಿಸಿಕೊಂಡು ಕ್ಲಸ್ಟರ್ ಶಾಲೆಗೆ ಹೋಗುತ್ತಾರೆ. ಉಳಿದ ನಲವತ್ತು ಮಕ್ಕಳು, ಐದೂ ತರಗತಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸ್ಯಾಟ್ಸ್ ತಂತ್ರಾಂಶದಲ್ಲಿ ಹಾಜರಿ, ಎಲ್ಲ ಹಿರಿಯ ಶಿಕ್ಷಕರ ತಲೆಗೆ. ಮುಂದಿನ ವಾರ ಅವರಿಗೆ ತಾಲ್ಲೂಕಿನಲ್ಲಿ ಸಭೆ. ಹಾಜರಿ ಪುಸ್ತಕದಲ್ಲಿ ಓಓಡಿ, ಅಂದರೆ ಅನ್ಯ ಕರ್ತವ್ಯದ ಮೇಲೆ. ಅಂದು ಎಲ್ಲವೂ ಶಿಕ್ಷಕಿಯ ತಲೆಗೆ. ಇಬ್ಬರೂ ತಮ್ಮ ಕರ್ತವ್ಯವನ್ನೇ ಮಾಡಿದ್ದಾರೆ, ಯಾರೂ ತಪ್ಪು ಮಾಡಿಲ್ಲ. ಆದರೆ ಎರಡೂ ದಿನ ಪಾಠ ನಡೆದಿಲ್ಲ. ಇಬ್ಬರಲ್ಲಿ ಒಬ್ಬರು ಮೇ 31ಕ್ಕೆ ನಿವೃತ್ತರಾಗಿ ಅತಿಥಿ ಶಿಕ್ಷಕರು ಬರುವುದು ತಡವಾದರೆ, ಒಂದು ಸಭೆ ಎಂದರೆ ಶಾಲೆಗೆ ಬೀಗ ಅಥವಾ ಪಕ್ಕದ ಶಾಲೆಯಿಂದ ಒಂದು ದಿನದ ಸಾಲ.

ಕಾರ್ಯಕ್ರಮಗಳು ಬೇಡವೆಂದು ಇದರ ಅರ್ಥವಲ್ಲ. ಹಳ್ಳಿಯ ಎಷ್ಟೋ ಮಕ್ಕಳು ಮೊದಲ ಸಲ ಮೈಕಿನ ಮುಂದೆ ನಿಂತದ್ದು ಪ್ರತಿಭಾ ಕಾರಂಜಿಯಲ್ಲೇ. ತರಬೇತಿಯೂ ಬೇಕು. ಸಮಸ್ಯೆ ಇರುವುದು ತಾರೀಖು ಗೊತ್ತು ಮಾಡುವ ರೀತಿಯಲ್ಲಿ. ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿ ಒಂದು ತರಬೇತಿ ಹೇಳುತ್ತದೆ, ಸಮಗ್ರ ಶಿಕ್ಷಣ ಒಂದು ಅಭಿಯಾನ ಹೇಳುತ್ತದೆ, ಆರೋಗ್ಯ ಇಲಾಖೆ ಒಂದು ದಿನ ಕೇಳುತ್ತದೆ, ಪಂಚಾಯಿತಿ ಇನ್ನೊಂದು ಕೇಳುತ್ತದೆ. ಮೇಲೆ ಬೇರೆ ಬೇರೆ ಕಚೇರಿಗಳು, ಕೆಳಗೆ ಅದೇ ಇಬ್ಬರು ಶಿಕ್ಷಕರು.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆದರೆ 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಕೆಲಸ ಮುಗಿಯದ್ದರಿಂದ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಖಾಸಗಿ ಶಾಲೆಯ ಮಗು ಆ ದಿನಗಳಲ್ಲಿ ಪಾಠ ಕೇಳುತ್ತಿತ್ತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಅದಕ್ಕೆ ತೆತ್ತ ಬೆಲೆ ಮಾತ್ರ ಬಡವರ ಮಕ್ಕಳದ್ದು.

ಮಾಡಬಹುದಾದದ್ದು

ಇದಕ್ಕೆ ಹೊಸ ಆಯೋಗವೋ ಹೊಸ ಅನುದಾನವೋ ಬೇಕಿಲ್ಲ. ರಾಜ್ಯಮಟ್ಟದ ತಾರೀಖನ್ನು ಬಿಇಒ ಬದಲಾಯಿಸಲಾರರು. ಆದರೆ ಯಾವ ಶಾಲೆಯಿಂದ ಯಾವತ್ತು ಯಾರು ಬರಬೇಕು ಎಂಬುದನ್ನು ಹಂಚಿ ಹಾಕಬಲ್ಲರು. ಇಬ್ಬರೇ ಇರುವ ಶಾಲೆಯ ಶಿಕ್ಷಕರನ್ನು ಕೊನೆಯ ತಂಡದಲ್ಲಿ ಕರೆಯಬಹುದು. ಅಂದು ಆ ಕ್ಲಸ್ಟರಿನ ಸಿಆರ್‌ಪಿ ಆ ಶಾಲೆಯಲ್ಲಿ ಪಾಠ ಮಾಡಲಿ. ಅವರೂ ಶಿಕ್ಷಕರೇ ತಾನೆ. ಪ್ರತಿ ಸುತ್ತೋಲೆಯ ಕೊನೆಗೆ, ಈ ಕಾರ್ಯಕ್ರಮದಿಂದ ಯಾವ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಉಳಿಯುತ್ತಾರೆ ಎಂಬ ಒಂದು ಕಲಂ ಸೇರಿಸಿದರೆ ಸಾಕು, ಆದೇಶಕ್ಕೆ ಸಹಿ ಹಾಕುವ ಕೈ ಒಂದು ಕ್ಷಣ ತಡೆಯುತ್ತದೆ.

ಖಾಲಿ ಹುದ್ದೆಗಳನ್ನು ಬಹಿರಂಗವಾಗಿ ಪ್ರಕಟಿಸಿದರೆ ಪೋಷಕರು ಮಕ್ಕಳನ್ನು ಬಿಡಿಸಿ ಕಾನ್ವೆಂಟಿಗೆ ಹಾಕುತ್ತಾರೆ ಎಂಬ ಅಂಜಿಕೆ ಅಧಿಕಾರಿಗಳಲ್ಲಿದೆ. ಮುಚ್ಚಿಟ್ಟು ಏನೂ ಲಾಭವಿಲ್ಲ. ಇವತ್ತೂ ಮೇಷ್ಟ್ರು ಬಂದಿರಲಿಲ್ಲ ಎಂದು ಮಗು ಸಂಜೆ ಮನೆಯಲ್ಲಿ ಹೇಳೇ ಹೇಳುತ್ತದೆ. ಯಾಕೆ ಬರಲಿಲ್ಲ, ಯಾವಾಗ ಬರುತ್ತಾರೆ ಎಂಬ ಉತ್ತರ ಇಲಾಖೆಯಿಂದ ಸಿಕ್ಕರೆ ಪೋಷಕರ ನಂಬಿಕೆ ಉಳಿಯುತ್ತದೆ. ಅಲ್ಲದೆ, ಅಧಿಕಾರಿ ಮತ್ತು ನೌಕರರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳಿದೆ.

ಉಳಿದದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಕೆಲಸ. ಶಿಕ್ಷಣ ಹಕ್ಕು ಕಾಯ್ದೆ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳಿರುವುದು ಸ್ವಾತಂತ್ರ್ಯ ದಿನಾಚರಣೆಯಂದು ವೇದಿಕೆಯಲ್ಲಿ ಕೂರಿಸಲಿಕ್ಕಲ್ಲ. ಮುಂದಿನ ಸಭೆಯಲ್ಲಿ ಸದಸ್ಯರು ಮೂರು ಪ್ರಶ್ನೆ ಕೇಳಲಿ: ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಇಂದು ಪಾಠ ಮಾಡುತ್ತಿರುವವರು ಎಷ್ಟು? ಕಳೆದ ಮೂರು ತಿಂಗಳಲ್ಲಿ ಓಓಡಿ ಎಷ್ಟು ದಿನ, ಯಾವುದಕ್ಕೆ? ಮುಂದಿನ ಮೂರು ತಿಂಗಳಲ್ಲಿ ಮಕ್ಕಳು ಹಾಕಬೇಕಾದ ಅರ್ಜಿಗಳು ಯಾವುವು? ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ.

ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ವಿಧಿಸುತ್ತದೆ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಒಬ್ಬರಿಲ್ಲದಿದ್ದರೆ ಅದು ಶೇ 50. ಈ ಲೆಕ್ಕವನ್ನು ಕೇಳುವ ಹಕ್ಕು ಪೋಷಕರದ್ದು, ಉತ್ತರ ಕೊಡುವ ಹೊಣೆ ಇಲಾಖೆಯದ್ದು.