ಹಾಡಿ ಬಂದವರಲ್ಲಿ ಒಂದು ಕೋರಿಕೆ

ಕಾಲೇಜಿನ ಗಾಯನ ತಂಡವೊಂದು ಯುರೋಪ್ ಸುತ್ತಿ ಬಂದರೆ ಆ ಸುದ್ದಿ ಪತ್ರಿಕೆಗಳಲ್ಲಿ ಹೇಗೆ ಬರುತ್ತದೆ ಎಂಬುದು ಓದುಗರಿಗೆ ಬಾಯಿಪಾಠ. ಎಷ್ಟು ದೇಶ, ಎಷ್ಟು ಊರು, ಯಾವ ರಾಯಭಾರಿ ಶಾಲು ಹೊದಿಸಿದರು, ಸಭಿಕರು ಎದ್ದು ನಿಂತು ಹೇಗೆ ಚಪ್ಪಾಳೆ ತಟ್ಟಿದರು. ಜೊತೆಗೊಂದು ಫೋಟೊ: ಹಿಂದೆ ಹಳೆಯ ಇಗರ್ಜಿಯ ಗೋಪುರ, ಮುಂದೆ ರೇಷ್ಮೆ ಸೀರೆ, ಜುಬ್ಬಾಗಳ ಮೇಲೆ ಸ್ವೆಟರ್ ಏರಿಸಿಕೊಂಡ ಹುಡುಗ ಹುಡುಗಿಯರು. ಏನು ಹಾಡಿದರು ಎಂಬುದಕ್ಕೆ ಒಂದು ಸಾಲು ಸಿಕ್ಕರೆ ಪುಣ್ಯ, ಹೇಗೆ ಹಾಡಿದರು ಎಂಬುದಕ್ಕೆ ಅದೂ ಇಲ್ಲ. ಕೆಲವು ವರ್ಷ ಬಿಟ್ಟು ಅದೇ ಕಾಲೇಜಿಗೆ ಹೋಗಿ ಆ ಪ್ರವಾಸದ ಧ್ವನಿಮುದ್ರಣ ಕೊಡಿ ಎಂದು ಕೇಳಿ ನೋಡಿ. ಫೋಟೊ ಪ್ರಾಂಶುಪಾಲರ ಕೋಣೆಯ ಗೋಡೆಯ ಮೇಲೆ ಇದ್ದೇ ಇರುತ್ತದೆ. ಹಾಡು ಮಾತ್ರ ಯಾರದೋ ಹಳೆಯ ಮೊಬೈಲಿನ ಜೊತೆ ಹೋಗಿರುತ್ತದೆ.

ಈ ತಿಂಗಳ ಮಾತಿಗೆ ಗುರುಗ್ರಾಮವನ್ನು ಹಿಡಿದುಕೊಂಡದ್ದು ಈ ಕಾರಣಕ್ಕೆ. ಗುರುಗ್ರಾಮ ಎಂದರೆ ನಮ್ಮವರ ಕಣ್ಣಿಗೆ ಬರುವುದು ಗಾಜಿನ ಕಟ್ಟಡ, ಟೋಲ್ ರಸ್ತೆ, ಬಾಡಿಗೆ ಮನೆ, ರಾತ್ರಿ ಪಾಳಿ. ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರಲ್ಲಿಯೂ ಹೆಚ್ಚಿನವರಿಗೆ ತಿಳಿಯದ ಒಂದು ಮನೆ ಅಲ್ಲಿನ ಸೆಕ್ಟರ್ 32ರಲ್ಲಿದೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಎಂಬ ಸಂಸ್ಥೆಯ ಸಂಗೀತ ದಾಖಲಾಗಾರ ಅದು. ಹೆಸರು ಆರ್ಕೈವ್ಸ್ ಅಂಡ್ ರಿಸರ್ಚ್ ಸೆಂಟರ್ ಫಾರ್ ಎಥ್ನೊಮ್ಯೂಸಿಕಾಲಜಿ. 1982ರಲ್ಲಿ ಪುಣೆಯಲ್ಲಿ ಹುಟ್ಟಿ, ದೆಹಲಿಗೆ ಬಂದು, ಕೊನೆಗೆ ಗುರುಗ್ರಾಮದಲ್ಲಿ ಬೇರೂರಿತು. ನಮ್ಮ ಜಾನಪದ ವಿದ್ವಾಂಸ ಪುರುಷೋತ್ತಮ ಬಿಳಿಮಲೆಯವರು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕನ್ನಡ ಪೀಠಕ್ಕೆ ಹೋಗುವ ಮೊದಲು ಈ ಸಂಸ್ಥೆಯಲ್ಲಿಯೇ ಇದ್ದರು. ಹಾಗಾಗಿ ಕನ್ನಡಕ್ಕೆ ಇದು ಪೂರ್ತಿ ಪರರ ಮನೆಯೇನಲ್ಲ.

ಈ ದಾಖಲಾಗಾರ ಹುಟ್ಟಿದ್ದರ ಹಿಂದೆ ಒಂದು ಸರಳವಾದ ಅಸಮಾಧಾನವಿತ್ತು. ಹೊರದೇಶದ ವಿದ್ವಾಂಸರು ಬರುತ್ತಿದ್ದರು, ಹಳ್ಳಿಹಳ್ಳಿ ತಿರುಗಿ ಟೇಪು ತುಂಬಿಸಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಹಾಡಿದವನ ಮೊಮ್ಮಗನಿಗೆ ತಾತನ ದನಿ ಕೇಳಬೇಕೆನಿಸಿದರೆ ಅವನು ಲಂಡನ್ನಿಗೋ ಬರ್ಲಿನ್ನಿಗೋ ಲಾಸ್ ಏಂಜಲೀಸಿಗೋ ಹೋಗಬೇಕಿತ್ತು. ಹೋದ ದನಿಯ ಒಂದು ಪ್ರತಿಯಾದರೂ ಈ ನೆಲಕ್ಕೆ ಮರಳಲಿ ಎಂದು ಹಠ ಹಿಡಿದವರಲ್ಲಿ ಮೊದಲಿಗರು ನಾಜಿರ್ ಜೈರಾಜ್‌ಭಾಯ್. ಅವರು ಲಂಡನ್ನಿನಲ್ಲಿ ಡಚ್ ವಿದ್ವಾಂಸ ಆರ್ನಲ್ಡ್ ಬಾಕೆಯ ಶಿಷ್ಯರಾಗಿದ್ದವರು.

ಬಾಕೆಯ ಕತೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. 1925ರಲ್ಲಿ ಶಾಂತಿನಿಕೇತನಕ್ಕೆ ಬಂದ ಈತ ಸ್ವತಃ ಹಾಡುಗಾರ. ಟ್ಯಾಗೋರರ ಹಾಡುಗಳನ್ನು ಕಲಿತು, ಹೆಂಡತಿ ಪಿಯಾನೊ ನುಡಿಸುತ್ತಿರಲು ಯುರೋಪಿನ ಸಭೆಗಳಲ್ಲಿ ಹಾಡಿ ವಿವರಿಸುತ್ತಿದ್ದ. ಅಂದರೆ ನಮ್ಮ ಹಾಡನ್ನು ಹೊತ್ತು ಯುರೋಪ್ ಸುತ್ತಿದ ಮೊದಮೊದಲ ಗಾಯಕರಲ್ಲಿ ಒಬ್ಬ ಯುರೋಪಿನವನೇ. ಆದರೆ ಅವನನ್ನು ಇಂದು ನೆನೆಯುವುದು ಆ ಕಛೇರಿಗಳಿಗಾಗಿ ಅಲ್ಲ. ಮೂವತ್ತರ ದಶಕದಲ್ಲಿ ಮೇಣದ ಕೊಳವೆಗಳನ್ನು, ಆಮೇಲೆ ಇನ್ನೂ ಭಾರವಾದ ಯಂತ್ರಗಳನ್ನು ಹೊತ್ತು ಈ ದೇಶ ತಿರುಗಿದ. 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ಬಂದು ಹಾಡುಗಳನ್ನು ಮುದ್ರಿಸಿಕೊಂಡ, ಮೂಕಿ ಚಿತ್ರಗಳನ್ನೂ ತೆಗೆದ. ಅವನು ತೀರಿಕೊಂಡದ್ದು 1963ರಲ್ಲಿ. 1984ರಲ್ಲಿ ಜೈರಾಜ್‌ಭಾಯ್ ಮತ್ತು ಸಂಶೋಧಕಿ ಏಮಿ ಕ್ಯಾಟ್ಲಿನ್ ಅವೇ ದನಿಗಳ ಪ್ರತಿ ಹಿಡಿದು ಅದೇ ದಾರಿಯಲ್ಲಿ ಮತ್ತೆ ಬಂದರು. ನಲವತ್ತಾರು ವರ್ಷಗಳಲ್ಲಿ ಯಾವ ಹಾಡು ಉಳಿದಿದೆ, ಯಾವುದು ಬದಲಾಗಿದೆ, ಯಾವುದು ಹೇಳಹೆಸರಿಲ್ಲದೆ ಹೋಗಿದೆ ಎಂದು ಆಯಾ ಊರಿನವರ ಜೊತೆ ಕೂತು ನೋಡಿದರು. ಆ ಪುನರಧ್ಯಯನ 1991ರಲ್ಲಿ ಪುಸ್ತಕವಾಗಿಯೂ ಬಂತು. ನಮ್ಮ ಸಂಗೀತ ಸಂಶೋಧನೆಯಲ್ಲಿ ಇಷ್ಟು ಸಭ್ಯವಾದ ಕೆಲಸ ಹೆಚ್ಚು ನಡೆದಿಲ್ಲ ಎಂದೇ ನನ್ನ ಎಣಿಕೆ. ತೆಗೆದುಕೊಂಡು ಹೋದದ್ದನ್ನು ವಾಪಸು ತಂದು, ಇದು ನಿಮ್ಮದು, ಈಗ ಇದರ ಬಗ್ಗೆ ನೀವು ಏನು ಹೇಳುತ್ತೀರಿ ಎಂದು ಕೇಳುವುದು ಸಣ್ಣ ಸಂಗತಿಯಲ್ಲ.

ಪ್ರವಾಸಕ್ಕೂ ದಾಖಲೆಗೂ ಏನು ನಂಟು ಎಂದು ಕೇಳುವವರಿಗೆ ಬರ್ಲಿನ್ನಿನ ಉದಾಹರಣೆ ಇದೆ. ಜಗತ್ತಿನ ದೊಡ್ಡ ಧ್ವನಿಭಂಡಾರಗಳಲ್ಲಿ ಒಂದಾದ ಬರ್ಲಿನ್ ಫೋನೊಗ್ರಾಂ ಆರ್ಕೈವ್ ಶುರುವಾದದ್ದೇ ಒಂದು ಪ್ರವಾಸಿ ತಂಡದಿಂದ. 1900ರಲ್ಲಿ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ನಾಟಕ ಮೇಳವೊಂದು ಬರ್ಲಿನ್ನಿಗೆ ಪ್ರದರ್ಶನಕ್ಕೆ ಬಂದಿತ್ತು. ಮನಶ್ಶಾಸ್ತ್ರಜ್ಞ ಕಾರ್ಲ್ ಶ್ಟುಂಫ್ ಅದರ ವಾದ್ಯಗಾರರನ್ನು ಮೇಣದ ಕೊಳವೆಯ ಮುಂದೆ ಕೂರಿಸಿದ. ಆ ಸಂಜೆಗಳ ಚಪ್ಪಾಳೆ ಎಷ್ಟಿತ್ತೋ ಯಾರಿಗೆ ಗೊತ್ತು? ಕೊಳವೆಗಳು ಮಾತ್ರ ಉಳಿದವು. ಎರಡನೆಯ ಮಹಾಯುದ್ಧದ ಕೊನೆಗೆ ಭಂಡಾರದ ಬಹುಪಾಲು ಲೆನಿನ್‌ಗ್ರಾಡಿಗೆ ಹೋಯಿತು, ಅಲ್ಲಿಂದ ಪೂರ್ವ ಬರ್ಲಿನ್ನಿಗೆ, ಗೋಡೆ ಬಿದ್ದ ಮೇಲೆ 1991ರಲ್ಲಿ ತನ್ನ ಮನೆಗೆ. ಯಾವ ಗಾಯನ ತಂಡವೂ ಮಾಡದಷ್ಟು ಪ್ರವಾಸವನ್ನು ಆ ಮೇಣವೇ ಮಾಡಿದೆ. 1999ರಲ್ಲಿ ಯುನೆಸ್ಕೊ ಅದನ್ನು ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿತು.

ಅದೇ ಬರ್ಲಿನ್ನಿನ ಇನ್ನೊಂದು ಕತೆ ಇಷ್ಟು ಹಗುರವಲ್ಲ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳನ್ನು ನಗರದ ಹೊರಗೆ ವ್ಯೂನ್ಸ್‌ಡಾರ್ಫಿನ ಶಿಬಿರದಲ್ಲಿ ಇಟ್ಟಿದ್ದರು. ಅವರಲ್ಲಿ ಪಂಜಾಬ್ ಪ್ರಾಂತ್ಯದವರು ಬಹಳ. ಇಂದಿನ ಗುರುಗ್ರಾಮವೂ ಆಗ ಅದೇ ಪ್ರಾಂತ್ಯದ ಜಿಲ್ಲೆ. ಹರಿಯಾಣ ಎಂಬ ರಾಜ್ಯ ಆದದ್ದು 1966ರ ನವೆಂಬರಿನಲ್ಲಿ. ಜರ್ಮನ್ ವಿದ್ವಾಂಸರು ಆ ಸಿಪಾಯಿಗಳಿಂದ ಮಾತು, ಕತೆ, ಹಾಡುಗಳನ್ನು ಹೇಳಿಸಿ ತಟ್ಟೆಗಳಲ್ಲಿ ಮುದ್ರಿಸಿದರು. ಬೇಡ ಎನ್ನುವ ಸ್ವಾತಂತ್ರ್ಯ ಸೆರೆಯಾಳಿಗೆ ಎಷ್ಟಿದ್ದೀತು? ಆದರೂ ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ದನಿಗೂ ಒಂದು ನಮೂನೆ ತುಂಬುತ್ತಿದ್ದರು: ಹೆಸರು, ಹುಟ್ಟಿದ ಊರು, ಮನೆಮಾತು, ಓದು ಬರಹ ಬರುತ್ತದೆಯೇ, ಯಾವ ವಾದ್ಯ ನುಡಿಸುತ್ತಾನೆ. ಮಲ್ ಸಿಂಗ್ ಎಂಬ ಸಿಪಾಯಿ 1916ರ ಡಿಸೆಂಬರಿನಲ್ಲಿ ಆಡಿದ ಒಂದೆರಡು ನಿಮಿಷದ ಮಾತು ಇಂದಿಗೂ ಅವನ ಹೆಸರಿನಲ್ಲಿಯೇ ಇದೆ. 2007ರಲ್ಲಿ ಅದರ ಸುತ್ತ ಒಂದು ಸಾಕ್ಷ್ಯಚಿತ್ರವೂ ಬಂತು. ಈಗ ನಮ್ಮ ಯಾವುದೇ ಕಾಲೇಜು ತಂಡದ ಪ್ರವಾಸದ ಕರಪತ್ರ ತೆಗೆದು ನೋಡಿ. ಮುಖ್ಯ ಅತಿಥಿಯ ಹೆಸರು ದಪ್ಪಕ್ಷರದಲ್ಲಿ, ಹಾಡುವ ಮಕ್ಕಳು ‘ಮತ್ತು ತಂಡ’. ಸೆರೆಮನೆಯ ಗುಮಾಸ್ತ ಮಾಡಿದಷ್ಟು ಕೆಲಸವನ್ನೂ ನಾವು ಸ್ವಂತ ಮಕ್ಕಳಿಗೆ ಮಾಡುವುದಿಲ್ಲ.

ಈ ದೇಶದಲ್ಲಿ ಗುಂಪಾಗಿ ಹಾಡುವ ಪರಂಪರೆ ಇಲ್ಲವೆಂದಲ್ಲ. ಕೋಲ್ಕತ್ತೆಯ ಯೂತ್ ಕಾಯಿರ್ 1958ರಲ್ಲಿ ರೂಮಾ ಗುಹಾ ಠಾಕುರ್ತಾ ಅವರಿಂದ ಶುರುವಾಗಿ 1974ರಲ್ಲಿ ಕೋಪನ್‌ಹೇಗನ್ನಿನ ಯುವಜನೋತ್ಸವದಲ್ಲಿ ಮೊದಲ ಬಹುಮಾನ ಪಡೆಯಿತು. ಮುಂಬೈಯಲ್ಲಿ ವಿಕ್ಟರ್ ಪರಂಜ್ಯೋತಿ ಕಟ್ಟಿದ, ಅವರ ನಂತರ ಕೂಮಿ ವಾಡಿಯಾ ನಡೆಸಿದ ತಂಡ ಯುರೋಪಿನಲ್ಲಿ ಹಾಡಿ ಬಂದಿದೆ. ದೆಹಲಿಯಲ್ಲಿ ಗಂಧರ್ವ ಮಹಾವಿದ್ಯಾಲಯದ ವೃಂದ ಇದೆ, 1994ರಿಂದ ಕ್ಯಾಪಿಟಲ್ ಸಿಟಿ ಮಿನ್‌ಸ್ಟ್ರೆಲ್ಸ್ ಇದೆ. ಕನ್ನಡದಲ್ಲಿ ನಾಲ್ಕು ದನಿಗಳ ಮೇಳಗಾನ ಬಂದದ್ದು ಬಾಸೆಲ್ ಮಿಶನ್ ಜೊತೆ, ಮಂಗಳೂರಿನ ದಾರಿಯಲ್ಲಿ. 1834ರಲ್ಲಿ ಬಂದಿಳಿದ ಆ ಮಿಶನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡದ ಮಾತು ಕೂರಿಸಿ ಸಭೆಯಲ್ಲಿ ಹಾಡಿಸಿದರು. ಅದೇ ಮಿಶನ್ನಿನ ಕಿಟ್ಟೆಲ್ ಅದರ ಎದುರು ದಾರಿ ಹಿಡಿದು, 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕತೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಕಟ್ಟಿದ. ನನಗೆ ಕಿಟ್ಟೆಲನ ದಾರಿಯೇ ಹಿಡಿಸುತ್ತದೆ, ಅದು ಬೇರೆ ಮಾತು.

ಆದರೆ ಕನ್ನಡದ ಕಾಲೇಜೊಂದರ ಹೆಸರಿನಲ್ಲಿ ಹೊರದೇಶಕ್ಕೆ ಹೋದ ಮೇಳ ಎಂದರೆ ಮೊದಲು ನೆನಪಾಗಬೇಕಾದದ್ದು ಉಡುಪಿಯ ಎಂ.ಜಿ.ಎಂ. ಕಾಲೇಜು. ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಉತ್ಸಾಹದಿಂದ 1971ರಲ್ಲಿ ಅಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಶಿವರಾಮ ಕಾರಂತರು ತಮ್ಮ ಯಕ್ಷರಂಗವನ್ನು ಅಲ್ಲಿ ತಿದ್ದಿದರು. ಆ ಮೇಳವನ್ನು ಯುರೋಪೂ ಸೇರಿದಂತೆ ಹಲವು ದೇಶಗಳಿಗೆ ಕರೆದೊಯ್ದಾಗ ಅವರಿಗೆ ಎಂಬತ್ತರ ಆಸುಪಾಸು. ಅರ್ಥಗಾರಿಕೆಯನ್ನು ಬಿಟ್ಟು ಹಾಡು ಮತ್ತು ಕುಣಿತದಲ್ಲಿಯೇ ಪ್ರಸಂಗ ನಡೆಸಿದರು. ಚೆಂಡೆ ಮದ್ದಳೆಯ ಜೊತೆಗೆ ಪಿಟೀಲು, ಸ್ಯಾಕ್ಸೊಫೋನ್ ಕೂಡಿಸಿದರು. ರಾತ್ರಿಯಿಡೀ ನಡೆಯುವ ಆಟ ಒಂದೆರಡು ಗಂಟೆಗೆ ಇಳಿಯಿತು. ಊರಿನಲ್ಲಿ ಬೈದವರು ಬಹಳ; ಇದು ಯಕ್ಷಗಾನವೇ ಅಲ್ಲ ಎಂದವರೂ ಉಂಟು. ಇವತ್ತಿನ ಕಾಲಮಿತಿ ಆಟಗಳಿಗೆ ಕಾರಂತರನ್ನೂ ಯುರೋಪನ್ನೂ ದೂರುವುದು ಸುಲಭ, ಆದರೆ ಬೆಳಗಿನ ಬಸ್ಸು, ಕಚೇರಿ, ಪರೀಕ್ಷೆಗಳ ಪಾಲೂ ಅದರಲ್ಲಿ ಇದೆ. ಇಷ್ಟಾಗಿ ಈ ಜಗಳವನ್ನು ನ್ಯಾಯವಾಗಿ ತೀರ್ಮಾನಿಸಬೇಕಾದರೆ ಬೇಕಾದದ್ದು ಏನು? ಊರಿನ ಗದ್ದೆಯಲ್ಲಿ ಭಾಗವತರು ಹಾಡಿದ ಪದ ಮತ್ತು ಯುರೋಪಿನ ರಂಗಮಂದಿರದಲ್ಲಿ ಅದೇ ಪದ ಹಾಡಿದ ಬಗೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಬೇಕು. ಕಾಲ ಎಷ್ಟು ಏರಿತು, ಏರುಪದ ಎಲ್ಲಿ ಬಿತ್ತು, ಮದ್ದಳೆಗೆ ಎಷ್ಟು ಜಾಗ ಉಳಿಯಿತು ಎಂದು ಕಿವಿಯೇ ಹೇಳುತ್ತದೆ. ಅಭಿಪ್ರಾಯಗಳು ನಮ್ಮ ಬಳಿ ಬೇಕಾದಷ್ಟಿವೆ, ಧ್ವನಿ ಕಡಿಮೆ.

ಗಾಯನ ತಂಡಗಳಿಗೂ ಇದೇ ಮಾತು ಸಲ್ಲುತ್ತದೆ. ನಮ್ಮ ವೃಂದಗಾನ ಹೆಚ್ಚಾಗಿ ಒಂದೇ ಶ್ರುತಿಯಲ್ಲಿ, ಒಂದೇ ಮಟ್ಟಿನಲ್ಲಿ ನಡೆಯುವಂಥದ್ದು. ತಂಬೂರಿ ಹಿಡಿದು ನಿಲ್ಲಿಸುತ್ತದೆ, ತಬಲಾ ನಡೆಸುತ್ತದೆ. ಕಲ್ಲಿನ ದೊಡ್ಡ ಇಗರ್ಜಿಯಲ್ಲಿ ದನಿ ಸೆಕೆಂಡುಗಟ್ಟಲೆ ಮೊಳಗುತ್ತಲೇ ಇರುತ್ತದೆ. ವಿಳಂಬದ ಸಾಲು ಅಲ್ಲಿ ತುಂಬಿಕೊಳ್ಳುತ್ತದೆ, ದ್ರುತದ ತಾಳ ಕಲಸಿಹೋಗುತ್ತದೆ. ಆಗ ಹಾಡಿಸುವ ಗುರು ನಡೆ ತಗ್ಗಿಸುತ್ತಾರೆ, ತಬಲಾವನ್ನು ಹಿಂದೆ ಸರಿಸುತ್ತಾರೆ, ಕೆಲವೊಮ್ಮೆ ಪಟ್ಟಿಯಿಂದ ಹಾಡನ್ನೇ ತೆಗೆಯುತ್ತಾರೆ. ಇದು ಸಂಗೀತದಲ್ಲಿ ನಡೆಯುವ ನಿಜವಾದ ವಿಚಾರ. ಇದನ್ನು ಯಾವ ವರದಿಯೂ ಬರೆಯುವುದಿಲ್ಲ. ಒಳ್ಳೆಯ ಮುದ್ರಣವಿದ್ದರೆ ಮುಂದಿನ ತಂಡದ ಗುರುವಿಗೆ ಅದೇ ಪಾಠ.

ಹಾಡಿದವರ ಹೆಸರು ಎಲ್ಲಿ ಇರಬೇಕು ಎಂಬುದಕ್ಕೆ ನಮ್ಮ ಕರಾವಳಿಯದ್ದೇ ಮಾದರಿ ಇದೆ. ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಾಡಿದ ತುಳು ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಮುದ್ರಿಸಿಕೊಂಡು ಅಕ್ಷರಕ್ಕಿಳಿಸಿದರು. 1998ರಲ್ಲಿ ಹೆಲ್ಸಿಂಕಿಯಿಂದ ಹೊರಬಂದಾಗ ಅದರಲ್ಲಿದ್ದದ್ದು 15,683 ಸಾಲು. ಪುಸ್ತಕದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರು ಇದೆ. ಸಂಪಾದಕರ ಹೆಸರುಗಳು ಅವುಗಳ ಜಾಗದಲ್ಲಿವೆ.

ಇನ್ನು ಕೋರಿಕೆ. ದೆಹಲಿ, ಗುರುಗ್ರಾಮ, ನೊಯ್ಡಾದ ಕನ್ನಡ ಮನೆಗಳಲ್ಲಿ ಕಾಲೇಜು ಸೇರಿದ ಮಕ್ಕಳಿದ್ದಾರೆ. ಅವರಲ್ಲಿ ಹಾಡುವ ತಂಡ ಸೇರಿದವರೂ ಇದ್ದಾರೆ. ನಾಳೆ ಅವರ ತಂಡ ವಿಯೆನ್ನಾಕ್ಕೋ ಪ್ರಾಗಿಗೋ ಹೊರಟರೆ ದಯವಿಟ್ಟು ಒಬ್ಬರನ್ನು ಈ ಕೆಲಸಕ್ಕೆಂದೇ ನೇಮಿಸಿ. ಮೊಬೈಲು ಸಾಲದು, ಒಂದು ಸಾಧಾರಣ ರೆಕಾರ್ಡರ್ ಇದ್ದರೆ ಆದೀತು. ಕುಗ್ಗಿಸಿದ ಕಡತ ಬೇಡ, ಪೂರ್ಣ ಗಾತ್ರದ ಕಡತವನ್ನೇ ಉಳಿಸಿ. ಎರಡು ಪ್ರತಿ ಮಾಡಿ ಎರಡು ಬೇರೆ ಊರುಗಳಲ್ಲಿ ಇಡಿ. ಪೆನ್ ಡ್ರೈವನ್ನು ನಂಬಬೇಡಿ. ಪ್ರತಿ ಹಾಡಿನ ಜೊತೆ ದಿನಾಂಕ, ಸ್ಥಳ, ಹಾಡಿದ ಎಲ್ಲರ ಹೆಸರು, ಕವಿ ಯಾರು, ಮಟ್ಟು ಯಾರದು, ಕಲಿಸಿದವರು ಯಾರು ಎಂದು ಬರೆದಿಡಿ. ಹಾಡಿದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ದಾಖಲಾಗಾರಕ್ಕೆ ಪ್ರತಿ ಕೊಟ್ಟ ಮಾತ್ರಕ್ಕೆ ಹಕ್ಕು ಕಳೆದುಹೋಗುವುದಿಲ್ಲ. ಯಾರು ಕೇಳಬಹುದು, ಯಾರು ನಕಲು ತೆಗೆದುಕೊಳ್ಳಬಹುದು ಎಂಬ ಷರತ್ತನ್ನು ಕೊಡುವವರೇ ಹಾಕಬಹುದು.

ಹಳೆಯ ಪ್ರವಾಸಗಳ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಇದ್ದರೆ ಇಳಿಸಿ. ಬೂಷ್ಟು ಹಿಡಿದಿದ್ದರೆ ಹಾಗೆಯೇ ಪ್ಲೇಯರಿಗೆ ಹಾಕಬೇಡಿ, ಟೇಪು ಹರಿದೀತು. ತಿಳಿದವರಿಂದ ಒರೆಸಿಸಿ, ಒಂದೇ ಸಲ ಓಡಿಸಿ ಪ್ರತಿ ತೆಗೆಸಿ. ಮೇಲೆ ಅಂಟಿಸಿದ ಚೀಟಿ ಮಾಸಿದ್ದರೆ ಮನೆಯ ಹಿರಿಯರನ್ನು ಕೇಳಿ ಹೆಸರುಗಳನ್ನು ಈಗಲೇ ಬರೆದುಕೊಳ್ಳಿ. ನಿಮ್ಮ ಬಳಿ ಇರುವುದರ ಪಟ್ಟಿಯನ್ನು ನಮಗೆ ಕಳಿಸಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಹಾಡಿದ ಎಲ್ಲರ ಹೆಸರು ಬರಲಿ, ಮುಖ್ಯ ಅತಿಥಿಗಳ ಹೆಸರು ಬಿಡಬಹುದು.